ಗುಬ್ಬಿಯ ಮೂಕಿಚಿತ್ರದೊಂದಿಗೆ ಜಗಳವಾಡುವುದು ಹೇಗೆ?

ಗುಬ್ಬಿ ವೀರಣ್ಣನವರ ಬಗೆಗಿನ ಬರಹಗಳಲ್ಲಿ ಅವರು ಮೂಕಿಚಿತ್ರ ತೆಗೆದರೆಂಬ ಸಾಲೊಂದು ಇದ್ದೇ ಇರುತ್ತದೆ. ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್, 'ಹಿಸ್ ಲವ್ ಅಫೇರ್', 'ಹರಿಮಾಯಾ' ಎಂದು ಹೆಸರುಗಳನ್ನು ಪೋಣಿಸಿ ಲೇಖಕರು 'ಕುರುಕ್ಷೇತ್ರ'ದ ಆನೆ ಕುದುರೆಗಳತ್ತ ಹೊರಟುಬಿಡುತ್ತಾರೆ. ನನ್ನ ತಕರಾರು ಅಲ್ಲಿಂದಲೇ ಶುರು. ವೀರಣ್ಣ ಹಾಸ್ಯನಟ, 'ಸದಾರಮೆ'ಯ ಕಳ್ಳನಾಗಿ ಸಮಯಸ್ಫೂರ್ತಿಯ ಮಾತಿನಿಂದ ಜನರನ್ನು ನಗಿಸಿದವರು. ಮಾತೇ ಇಲ್ಲದ ಪರದೆಯ ಮೇಲೆ ಅಂಥವರು ಏನು ಮಾಡಿರಬಹುದು? ಗೆದ್ದರೋ, ಸೋತರೋ? ಉತ್ತರಿಸಬೇಕಾದ ರೀಲುಗಳು ನಮ್ಮ ಮುಂದಿಲ್ಲ.

ಹಳೆಯ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುತ್ತದೆ, ಸೆಕೆಗೆ ಕೊಳೆಯುತ್ತದೆ. ಅದರೊಳಗಿನ ಬೆಳ್ಳಿಯ ಆಸೆಗೆ ಕರಗಿಸಿದವರೂ ಉಂಟು. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾದದ್ದೇ 1964ರಲ್ಲಿ.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರ. 1924ರ ಅಕ್ಟೋಬರಿನಲ್ಲಿ ಸಿಟ್ರೊಯೆನ್ ಕಂಪನಿಯ ವಾಹನಗಳು ಅಲ್ಜೀರಿಯಾದಿಂದ ಸಹಾರಾ ಹಾದು ಮಡಗಾಸ್ಕರ್‌ವರೆಗೆ ಹೊರಟವು. ಜೊತೆಗಿದ್ದ ಲಿಯೋನ್ ಪ್ವಾರಿಯೇ ತೆಗೆದ 'ಲಾ ಕ್ರ್ವಾಸಿಯೇರ್ ನ್ವಾರ್' 1926ರಲ್ಲಿ ತೆರೆಕಂಡಿತು, ಇಂದಿಗೂ ಉಳಿದಿದೆ. ಅದರಲ್ಲಿ ಮರಳುಗಾಡು ಚೆಂದ. ಆಫ್ರಿಕನ್ನರನ್ನು ನೋಡುವ ಕಣ್ಣು ಮಾತ್ರ ದೊರೆತನದ್ದು. ಹೀಗೆ ಸಿಡಿಮಿಡಿಗೊಳ್ಳಲು ಸಾಧ್ಯವಾಗುವುದು ಅದು ಉಳಿದಿರುವುದರಿಂದ. ವೀರಣ್ಣನವರ ಚಿತ್ರಗಳಿಗೆ ನಾವು ಕೊಡಬಲ್ಲದ್ದು ಹೊಗಳಿಕೆಯೊಂದೇ, ಅದೂ ನೋಡದೆ! (ನೋಡದೆ ಹೊಗಳುವುದು ನಮಗೆ ಹೊಸದೇನಲ್ಲ.)

ದಕ್ಷಿಣದ ಮೂಕಿಗಳಲ್ಲಿ ಉಳಿದ 'ಮಾರ್ತಾಂಡವರ್ಮ' (1933) ಬದುಕಿದ್ದೂ ಜಗಳದ ದೆಸೆಯಿಂದ. ಕಾದಂಬರಿಯ ಪ್ರಕಾಶಕರು ಹಕ್ಕುಸ್ವಾಮ್ಯಕ್ಕಾಗಿ ಕೋರ್ಟಿಗೆ ಹೋದರು. ಪ್ರದರ್ಶನ ನಿಂತು, ಪ್ರತಿ ಅವರ ವಶದಲ್ಲೇ ಉಳಿಯಿತು. 1974ರಲ್ಲಿ ಪುಣೆ ಸೇರಿತು. ಓಡಿ ಸವೆದ ಚಿತ್ರಗಳು ಹೋದವು, ಓಡದೆ ಬಿದ್ದಿದ್ದು ಉಳಿಯಿತು.

ಉಳಿಸುವುದು ಒಂದು, ತೋರಿಸುವುದು ಇನ್ನೊಂದು. ರಾಜಕುಮಾರ್ ನಾಯಕರಾದ 'ಬೇಡರ ಕಣ್ಣಪ್ಪ' (1954) ಗುಬ್ಬಿ ಕಂಪನಿಯ ನಂಟಿನಿಂದಲೇ ಬಂದ ಚಿತ್ರ. ನಮ್ಮ ಹುಡುಗರು ಅದನ್ನು ಮೊಬೈಲಿನಲ್ಲಿ, ಮಸುಕು ಪ್ರತಿಯಲ್ಲಿ ನೋಡುತ್ತಾರೆ. ಹಾಗಾದರೂ ನೋಡುತ್ತಾರಲ್ಲ ಎಂದು ಸುಮ್ಮನಾಗಲಾರೆ. ಮಸುಕಿನಲ್ಲಿ ಮೊದಲು ಅಳಿಯುವುದು ನಟನ ಕಣ್ಣು.

ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಅಲ್ಲೊಮ್ಮೆ 'ಮಾರ್ತಾಂಡವರ್ಮ'ವನ್ನು ತರಿಸಿ, ಪರದೆಯ ಪಕ್ಕ ಹಾರ್ಮೋನಿಯಂ, ತಬಲಾ ಕೂರಿಸಿ ತೋರಿಸಲಿ. ಮಾತಿಲ್ಲದೆ ನಟಿಸುವುದೆಂದರೇನು ಎಂದು ಕಂಡಮೇಲೆ, ಗುಬ್ಬಿಯ ಮನೆಗಳ ಟ್ರಂಕುಗಳಲ್ಲಿ ಹಳೆಯ ಕರಪತ್ರ, ಫೋಟೊ ಹುಡುಕುವ ಆಸೆ ನಾಲ್ಕು ವಿದ್ಯಾರ್ಥಿಗಳಿಗಾದರೂ ಹುಟ್ಟೀತು.