ಲೆಕ್ಕ ನಿಲ್ಲಿಸಿದ ಮನೆ: ‘ಘಾಚರ್ ಘೋಚರ್’ ಮತ್ತು ಬರೆಯದೇ ಉಳಿದ ಒಂದು ವಿಚ್ಛೇದನ

ಹೋದ ಮಳೆಗಾಲದಲ್ಲಿ ಇಸಳೂರಿಗೆ ಹೋದಾಗ ದೊಡ್ಡಪ್ಪನ ಮಗಳು, ನಮ್ಮ ಅಕ್ಕ, ಜಗಲಿಯಲ್ಲಿ ಕೂತು ಪಟ್ಟಿ ಬರೆಯುತ್ತಿದ್ದಳು. ಗ್ರೈಂಡರ್ 2, ಪ್ಯಾಕೆಟ್ ಸೀಲು ಮಾಡುವ ಯಂತ್ರ 1, ಉಪ್ಪಿನಕಾಯಿ ಭರಣಿ 14, ಶಿರಸಿ ಪೇಟೆಯ ಅಂಗಡಿಗಳಿಂದ ಬರಬೇಕಾದ ಬಾಕಿ. ಅವಳೂ ಭಾವನೂ 9 ವರ್ಷ ಸೇರಿ ನಡೆಸಿದ ಅಪ್ಪೆಮಿಡಿ ಉಪ್ಪಿನಕಾಯಿ, ಸಾಂಬಾರುಪುಡಿಯ ವ್ಯಾಪಾರ ಅದು. ಈಗ ಇಬ್ಬರೂ ಬೇರೆಯಾಗುತ್ತಿದ್ದಾರೆ. ವಕೀಲರು ಮೊದಲು ಕೇಳಿದ್ದು ಜಗಳ ಯಾಕಾಯಿತು ಎಂದಲ್ಲ, ಲೈಸೆನ್ಸು ಯಾರ ಹೆಸರಿನಲ್ಲಿದೆ ಎಂದು. ಅದು ಭಾವನ ಹೆಸರಿನಲ್ಲಿತ್ತು. ಬ್ಯಾಂಕ್ ಖಾತೆಯೂ ಅಷ್ಟೆ. ಮಿಡಿ ಆರಿಸುವ, ಉಪ್ಪಿನ ಹದ ನೋಡುವ ಕೈ ಅಕ್ಕನದು. “ಇದನ್ನ ಯಾವ ಸಾಲಲ್ಲಿ ಬರೆಯೋದು ಹೇಳೆ” ಎಂದಳು. ಸಾಹಿತ್ಯದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನನಗೆ ಗೊತ್ತಾಗಲಿಲ್ಲ. ಆದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೆನಪಾಯಿತು.

2013ರಲ್ಲಿ ಬಂದ ಈ ಪುಟ್ಟ ಕಾದಂಬರಿಯನ್ನು ಹಣ ಬಂದ ಮೇಲೆ ನೀತಿ ಕೆಟ್ಟ ಕುಟುಂಬದ ಕತೆಯೆಂದು ಓದುವುದು ರೂಢಿ. ಶ್ರೀನಾಥ್ ಪೆರೂರು ಅವರ ಇಂಗ್ಲಿಷ್ ಅನುವಾದದ ಮೂಲಕ ಅದು ಹೊರನಾಡುಗಳನ್ನು ತಲುಪಿದಾಗಲೂ ಈ ಓದು ಜೊತೆಯಲ್ಲೇ ಹೋಯಿತು. ಅದು ತಪ್ಪಲ್ಲ. ಅಕ್ಕನ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಓದಿದ ನನಗೆ ಮಾತ್ರ ಇದು ಲೆಕ್ಕ ಬರೆಯುವುದನ್ನು ನಿಲ್ಲಿಸಿದ ಮನೆಯ ಕತೆಯಾಗಿ ಕಂಡಿತು.

ಬಡತನದ ದಿನಗಳಲ್ಲಿ ಈ ಮನೆಯಲ್ಲಿ ಲೆಕ್ಕವಿತ್ತು. ಚಹಾಪುಡಿ ಮಾರುವ ಅಪ್ಪ ದಿನದ ವಸೂಲಿಯನ್ನು ಅಂದೇ ಸರಿಹೊಂದಿಸಬೇಕು. ತಾಳೆಯಾಗದಿದ್ದರೆ ಮನೆಮಂದಿಯ ಎದೆಯೆಲ್ಲ ಡವಗುಟ್ಟುತ್ತದೆ. ಆಮೇಲೆ ಅಪ್ಪನ ನಿವೃತ್ತಿಯ ಹಣ ಹಾಕಿ ಚಿಕ್ಕಪ್ಪ ಸೋನಾ ಮಸಾಲ ಶುರುಮಾಡುತ್ತಾನೆ. ಕೇರಳದಿಂದ ಸಗಟಾಗಿ ಮಸಾಲೆ ತಂದು ಸಣ್ಣ ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಮಾರುವ ವ್ಯಾಪಾರ. ಹಣ ಬಂದಂತೆ ಯಾರು ಎಷ್ಟು ದುಡಿದರು, ಯಾರದು ಎಷ್ಟು ಎಂಬ ಪ್ರಶ್ನೆಯೇ ಮನೆಯಲ್ಲಿ ಅಪಶಕುನದಂತಾಗುತ್ತದೆ. ನಿರೂಪಕ ಹೆಸರಿಗೆ ಡೈರೆಕ್ಟರು. ಕೆಲಸವಿಲ್ಲ, ಸಂಬಳವಿದೆ. ಅಪ್ಪ ತನ್ನ ಪಾಲನ್ನು ಯಾರಿಗಾದರೂ ಬರೆದುಬಿಟ್ಟಾನೆಂಬ ಭಯವೂ ಎಲ್ಲರಿಗಿದೆ.

ಇಂಥ ಮನೆಯಲ್ಲಿ ದಾಂಪತ್ಯ ಮುರಿದರೆ ಏನಾಗುತ್ತದೆ? ಕಾದಂಬರಿ ಇದಕ್ಕೆ ಎರಡು ಚಿತ್ರಗಳನ್ನು ಕೊಡುತ್ತದೆ. ಮೊದಲನೆಯದು ಮಾಲತಿ. ಗಂಡನ ಮನೆ ಬಿಟ್ಟು ಬಂದ ಅವಳು ತನ್ನ ಒಡವೆ ತರಲು ಚಿಕ್ಕಪ್ಪನ ಕಡೆಯ ರೌಡಿಗಳನ್ನು ಕರೆದುಕೊಂಡು ಹೋಗುತ್ತಾಳೆ. ಇಲ್ಲಿ ಒಂದು ವ್ಯಂಗ್ಯವಿದೆ. ಒಡವೆ ಹೆಂಡತಿಯ ಸ್ತ್ರೀಧನ, ಕಾನೂನಿನ ಪ್ರಕಾರ ಅವಳದೇ. ಹಕ್ಕಿನಿಂದ ಕೇಳಬಹುದಾದ್ದನ್ನೂ ಈ ಮನೆ ತೋಳ್ಬಲದಿಂದಲೇ ತರುತ್ತದೆ. ನ್ಯಾಯಾಲಯದ ಮೆಟ್ಟಿಲು ಹತ್ತುವುದೆಂದರೆ ಎಲ್ಲವನ್ನೂ ಕಾಗದದ ಮೇಲಿಡುವುದು. ಅದು ಇವರಿಗೆ ಬೇಡ.

ಎರಡನೆಯದು ನಿರೂಪಕನ ಹೆಂಡತಿ ಅನಿತಾ. ಗಂಡ ಸ್ವಂತ ದುಡಿಮೆಯಿಲ್ಲದವನೆಂದು ಗೊತ್ತಾದಾಗ ಅವಳು ಎತ್ತುವ ಪ್ರಶ್ನೆ ಮೂಲತಃ ಲೆಕ್ಕದ ಪ್ರಶ್ನೆಯೇ: ನಿನ್ನದು ಅನ್ನುವುದು ಏನಿದೆ? ಈ ಪ್ರಶ್ನೆಯನ್ನು ಕಾನೂನಿನ ಎದುರಿಟ್ಟು ನೋಡಿ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮು ವಿಚ್ಛೇದನ ಕೊಡುತ್ತದೆ, 25ನೇ ಕಲಮು ಜೀವನಾಂಶ ಕೊಡುತ್ತದೆ. ಮದುವೆಯ ಕಾಲದಲ್ಲಿ ಬೆಳೆದ ವ್ಯಾಪಾರವನ್ನು ಗಂಡಹೆಂಡಿರಿಗೆ ಸಮನಾಗಿ ಹಂಚಬೇಕೆಂಬ ನಿಯಮ ಅದರಲ್ಲಿಲ್ಲ. 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೀವನಾಂಶದ ದಾವೆಗಳಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯಗಳ ಪ್ರಮಾಣಪತ್ರ ಸಲ್ಲಿಸಬೇಕೆಂದಿತು. ಅಂಥ ಪ್ರಮಾಣಪತ್ರದಲ್ಲಿ ಈ ಡೈರೆಕ್ಟರು ಏನು ಬರೆದಾನು? ಕಂಪನಿ ಅವನದಲ್ಲ, ಆದರೆ ಅವನು ಉಣ್ಣುವ ಅನ್ನ ಅದರದೇ. ಅವನ ಬಡತನವೂ ಸಿರಿವಂತಿಕೆಯೂ ಏಕಕಾಲಕ್ಕೆ ನಿಜ.

ಕೊನೆಯಲ್ಲಿ ಅನಿತಾ ಮನೆಯಲ್ಲಿಲ್ಲ. ಹೈದರಾಬಾದಿಗೆ ಹೋದವಳು ಬಂದಿಲ್ಲ, ನಿರೂಪಕ ಕಾಫಿಹೌಸಿನಲ್ಲಿ ಕೂತಿದ್ದಾನೆ. ಓದುಗರಾದ ನಮ್ಮ ಎದೆ ಆಗ ಯಾಕೆ ಹೊಡೆದುಕೊಳ್ಳುತ್ತದೆ? ಬಹುಶಃ ತವರಿನಲ್ಲೇ ಉಳಿದಳು, ನೋಟೀಸು ಬರಬಹುದು ಎಂದು ನಾವು ಯೋಚಿಸುವುದೇ ಇಲ್ಲ. ಅದಕ್ಕಿಂತ ಭೀಕರವಾದದ್ದನ್ನು ಊಹಿಸುತ್ತೇವೆ. ಸಾಧಾರಣವಾದ ಒಂದು ವಿಚ್ಛೇದನ ಈ ಮನೆಯಲ್ಲಿ ಸಾಧ್ಯ ಎಂಬ ನಂಬಿಕೆಯನ್ನೇ ಲೇಖಕರು ನಮ್ಮಿಂದ ಕಿತ್ತುಕೊಂಡಿರುತ್ತಾರೆ. ಕಾದಂಬರಿಯ ದೊಡ್ಡ ಶಕ್ತಿ ಇದೇ ಎಂದು ನನ್ನ ಅನಿಸಿಕೆ. ಬೇರೆಯಾಗುವುದು ದುಃಖದ ಸಂಗತಿಯಾದರೂ ಅದರಲ್ಲೊಂದು ನಾಗರಿಕತೆ ಇದೆ: ಎದುರಿನವರಿಗೂ ಒಂದು ಪಾಲಿದೆ, ಕೇಳುವ ಬಾಯಿದೆ ಎಂದು ಒಪ್ಪಿದ ಮೇಲೆಯೇ ಅದು ನಡೆಯುವುದು.

ಒಂದು ತಕರಾರೂ ಇದೆ. ಎಲ್ಲವೂ ನಿರೂಪಕನ ಬಾಯಿಂದಲೇ ಬರುವುದರಿಂದ ಅನಿತಾ ನಮಗೆ ಸಿಗುವುದು ಅವಳ ಸಿಟ್ಟಿನಲ್ಲಿ ಮಾತ್ರ. ಹೊರಗೆ ಹೋಗುವ ದಾರಿಯನ್ನು ಅವಳು ಎಂದಾದರೂ ಲೆಕ್ಕ ಹಾಕಿದ್ದಳೇ? ಗೊತ್ತಾಗುವುದಿಲ್ಲ. ಹೇಡಿಯೊಬ್ಬನ ಕಣ್ಣಿನಿಂದ ಕತೆ ಹೇಳಿಸುವುದಕ್ಕೆ ತೆತ್ತ ಬೆಲೆ ಇದು, ತೆತ್ತವಳು ಅನಿತಾ.

ನಮ್ಮ ಸೀಮೆಯಲ್ಲೂ ತೋಟ, ಅಂಗಡಿ, ಅಡಕೆ ವ್ಯವಹಾರ ಯಜಮಾನನ ಹೆಸರಿನಲ್ಲಿ ನಡೆಯುತ್ತವೆ. ‘ಎಲ್ಲ ಮನೆಯದ್ದೇ’ ಎನ್ನುವ ಮಾತು ಕೂಡಿದ್ದಾಗ ಹಿತ, ಒಡೆದಾಗ ಯಾರ ಕೈಗೂ ಸಿಗದು. ಅಕ್ಕನ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಪಟ್ಟಿಯ ಕೊನೆಗೆ ಅವಳು ತಾನೇ ಒಂದು ಸಾಲು ಸೇರಿಸಿದಳು: ‘9 ವರ್ಷದ ಕೆಲಸ’. ಎದುರಿನ ಮೊತ್ತದ ಜಾಗ ಖಾಲಿ ಬಿಟ್ಟಿದ್ದಾಳೆ. ವಕೀಲರು ಅದನ್ನು ಉಳಿಸಿಕೊಳ್ಳುತ್ತಾರೋ ಹೊಡೆದುಹಾಕುತ್ತಾರೋ ತಿಳಿಯದು. ಸೋನಾ ಮಸಾಲದ ಮನೆಯಲ್ಲಿ ಯಾರೂ ಬರೆಯದ ಸಾಲು ಅದು.