ರಾತ್ರಿಯೂಟ ಮತ್ತು ಕಾಲುಗಂಟೆಯ ನಡಿಗೆ

ಕರ್ನಾಟಕದ ನಗರಗಳಲ್ಲಿ ನಡಿಗೆ ಬೆಳಗಿನ ಉದ್ಯಾನಕ್ಕೆ ಸೇರಿದ್ದು, ಪಥ್ಯ ಅಡುಗೆಮನೆಗೆ ಸೇರಿದ್ದು ಎಂಬ ವಿಂಗಡಣೆ ಗಟ್ಟಿಯಾಗಿ ಬೇರೂರಿದೆ. ಇವೆರಡೂ ಒಂದೇ ದೇಹದಲ್ಲಿ, ಅದೂ ಒಂದೆರಡು ಗಂಟೆಗಳ ಅವಧಿಯೊಳಗೆ ಪರಸ್ಪರ ಎದುರಾಗುತ್ತವೆ ಎಂಬುದು ಬಹುಮಂದಿಯ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ಬೆಳಗ್ಗೆ 6 ಗಂಟೆಗೆ ಬಿರುಸಾಗಿ ನಡೆದವರು 7.30ರ ಹೊತ್ತಿಗೆ ಹತ್ತಿರದ ದರ್ಶಿನಿಯ ಮುಂದೆ ನಿಂತು, ಬೆಣ್ಣೆ ಹಾಕಿದ ಮಸಾಲೆ ದೋಸೆಯನ್ನೂ ಅರ್ಧ ಲೋಟ ಕಾಫಿಯನ್ನೂ ಮುಗಿಸಿ ಮನೆಗೆ ಮರಳುವುದುಂಟು. ಅದನ್ನು ಹಂಗಿಸುವ ಅಗತ್ಯವಿಲ್ಲ, ಏಕೆಂದರೆ ಎಷ್ಟೋ ಜನರನ್ನು ಹಾಸಿಗೆಯಿಂದ ಎಬ್ಬಿಸುವುದೇ ಆ ದೋಸೆಯ ಆಸೆ. ತೊಡಕಿರುವುದು ದಿನದ ಇನ್ನೊಂದು ತುದಿಯಲ್ಲಿ: ಅನ್ನ, ಸಾರು, ಮತ್ತೆ ಅನ್ನ, ಮೊಸರು ಎಂಬ ದಿನದ ಅತಿ ಭಾರದ ಊಟ ರಾತ್ರಿ 9.30ಕ್ಕೆ ನಡೆದು, ಉಂಡವರು ಟಿ.ವಿ. ಮುಂದಿನ ಸೋಫಾದಿಂದ ನೇರವಾಗಿ ಹಾಸಿಗೆಗೆ ಹೋಗುತ್ತಾರೆ. ಊಟವಾದ ಮೇಲೆ ನೂರು ಹೆಜ್ಜೆ ನಡೆದು ಎಡಮಗ್ಗುಲಿಗೆ ಮಲಗಬೇಕೆಂಬ ಆಯುರ್ವೇದದ ಹಳೆಯ ವಿಧಿಯಲ್ಲಿ ಎರಡನೆಯ ಭಾಗ ವಾಮಕುಕ್ಷಿಯೆಂಬ ಹೆಸರಿನಲ್ಲಿ ಮನೆಮನೆಯಲ್ಲೂ ಬಾಳಿ ಬದುಕಿತು. ಮೊದಲ ಭಾಗವನ್ನು ಮಾತ್ರ ಜನ ಅನುಕೂಲ ನೋಡಿಕೊಂಡು ಮರೆತರು.

ಊಟಕ್ಕೂ ನಡಿಗೆಗೂ ಇರುವ ಈ ನಂಟಿನ ಮೂಲ ಸ್ನಾಯುಗಳಲ್ಲಿದೆ. ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟ, ಅಂದರೆ ಸಕ್ಕರೆಯ ಕಣಗಳು ಸರಪಳಿಯಂತೆ ಜೋಡಿಕೊಂಡ ವಸ್ತು, ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಊಟ ಆರಂಭವಾದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಅದರ ಮಟ್ಟ ಸಾಮಾನ್ಯವಾಗಿ ತುತ್ತತುದಿ ಮುಟ್ಟುತ್ತದೆ. ಸುಮ್ಮನೆ ಕುಳಿತ ದೇಹದಲ್ಲಿ ಈ ಗ್ಲೂಕೋಸನ್ನು ಸ್ನಾಯುಗಳೊಳಕ್ಕೆ ಸೇರಿಸುವ ಕೆಲಸ ಬಹುಮಟ್ಟಿಗೆ ಇನ್ಸುಲಿನ್ ಹಾರ್ಮೋನಿನದು. ಆದರೆ ಸ್ನಾಯು ಸಂಕುಚಿಸಿ ಹಿಗ್ಗುವಾಗ, ಜೀವಕೋಶದೊಳಗೆ ತಂಗಿರುವ ಗ್ಲುಟ್-4 ಎಂಬ ಸಾಗಣೆಯ ಪ್ರೋಟೀನು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಕೋಶದ ಅಂಚಿಗೆ ಬಂದು ಗ್ಲೂಕೋಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಇದ್ದೂ ಕೋಶಗಳು ಅದರ ಮಾತನ್ನು ಸರಿಯಾಗಿ ಕೇಳದ ಸ್ಥಿತಿಯಲ್ಲಿ, ಅಂದರೆ ಎರಡನೆಯ ಬಗೆಯ ಮಧುಮೇಹದಲ್ಲೂ ಅದರ ಹೊಸ್ತಿಲಲ್ಲೂ, ಈ ಹಿತ್ತಿಲ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವೂ 13.6 ಕೋಟಿ ಜನರಿಗೆ ಅದರ ಪೂರ್ವಸ್ಥಿತಿಯೂ ಇದೆಯೆಂದು ಅಂದಾಜಿಸಿತು. ಆದ್ದರಿಂದ ಆ ಬಾಗಿಲಿನ ವಿಚಾರ ಕೇವಲ ವಿದ್ವಾಂಸರ ಕುತೂಹಲವಲ್ಲ.

ನಡೆಯುವ ಹೊತ್ತು ಮುಖ್ಯವೇ, ಅಥವಾ ಒಟ್ಟು ನಡೆದರೆ ಸಾಕೇ ಎಂಬ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದ ಎರಡು ಅಧ್ಯಯನಗಳು ಇಲ್ಲಿ ನೆನೆಯತಕ್ಕವು. 2013ರಲ್ಲಿ ಅಮೆರಿಕದ ಸಂಶೋಧಕರು ಸಕ್ಕರೆ ಏರುವ ಅಪಾಯದಲ್ಲಿದ್ದ ವೃದ್ಧರನ್ನು ಒಮ್ಮೆ ಬೆಳಗ್ಗೆ ಒಂದೇ ಸಮನೆ 45 ನಿಮಿಷವೂ ಮತ್ತೊಮ್ಮೆ ಮೂರು ಹೊತ್ತಿನ ಊಟದ ನಂತರ 15 ನಿಮಿಷದಂತೆಯೂ ನಡೆಸಿ ನೋಡಿದಾಗ, ದಿನವಿಡೀ ಸಕ್ಕರೆಯನ್ನು ಹದದಲ್ಲಿಡುವುದರಲ್ಲಿ ಬಿಡಿಬಿಡಿ ನಡಿಗೆ ಬೆಳಗಿನ ಉದ್ದ ನಡಿಗೆಗೆ ಎಳ್ಳಷ್ಟೂ ಸೋಲಲಿಲ್ಲ. ರಾತ್ರಿಯೂಟದ ನಂತರವಂತೂ ಅದೇ ಮೇಲಾಯಿತು. ನ್ಯೂಜಿಲೆಂಡಿನಲ್ಲಿ 41 ಮಧುಮೇಹಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸರಳವಾದುದು: ದಿನಕ್ಕೆ 30 ನಿಮಿಷ ಯಾವಾಗಲಾದರೂ ನಡೆಯಿರಿ ಎಂಬ ಸಲಹೆಗಿಂತ, ಪ್ರತಿ ಊಟದ ಬಳಿಕ 10 ನಿಮಿಷ ನಡೆಯಿರಿ ಎಂಬ ಸಲಹೆಯಿಂದ ಊಟದ ನಂತರದ ಸಕ್ಕರೆ ಸರಾಸರಿ ಶೇಕಡ 12 ಕಡಿಮೆಯಾಯಿತು, ರಾತ್ರಿಯೂಟದ ನಂತರ ಆ ಇಳಿಕೆ ಶೇಕಡ 22ಕ್ಕೆ ಮುಟ್ಟಿತು. ರಾತ್ರಿಯಲ್ಲೇ ಹೆಚ್ಚು ಲಾಭ ಕಂಡದ್ದಕ್ಕೆ ಕಾರಣ ಗೂಢವೇನಲ್ಲ. ಪಿಷ್ಟ ಹೆಚ್ಚಾಗಿರುವ ಊಟ ಅದೇ, ಉಂಡವರು ಅಲುಗಾಡದೆ ಕೂರುವ ಹೊತ್ತೂ ಅದೇ. ನ್ಯೂಜಿಲೆಂಡಿನಲ್ಲೇ ಹೀಗಾದರೆ ಸಾರನ್ನದ ನಾಡಿನಲ್ಲಿ ಹೇಗಿದ್ದೀತು ಎಂಬ ಊಹೆಗೆ ಸಂಶೋಧನೆಯ ಹಂಗು ಬೇಕಿಲ್ಲ.

ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಗುರಿ ಈ ಚರ್ಚೆಯಲ್ಲಿ ಅಡ್ಡ ಬರುವುದರಿಂದ ಅದರ ಜಾತಕವನ್ನೂ ನೋಡಬೇಕಾಗುತ್ತದೆ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಮಾರುಕಟ್ಟೆಗೆ ತಂದು ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಮಾಪಕವೆಂದು ಹೆಸರಿಟ್ಟಿತು. ವ್ಯಾಪಾರದ ಆ ದುಂಡು ಸಂಖ್ಯೆಯೇ ಕಾಲಕ್ರಮದಲ್ಲಿ ವೈದ್ಯಕೀಯ ಸತ್ಯದ ವೇಷ ತೊಟ್ಟು ಈಗ ಪ್ರತಿ ಕೈಗಡಿಯಾರದಲ್ಲೂ ಮಿನುಗುತ್ತಿದೆ. ಅಮೆರಿಕದ 16,741 ಹಿರಿಯ ಮಹಿಳೆಯರ ನಡಿಗೆಯನ್ನು ಯಂತ್ರದಿಂದ ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಆಗಲೇ ಗಣನೀಯವಾಗಿ ಕಡಿಮೆಯಿತ್ತು, 7,500ರ ಆಸುಪಾಸಿನಲ್ಲಿ ಲಾಭ ಸಮತಟ್ಟಾಯಿತು. ಮನೆಯೊಳಗೇ ಓಡಾಡಿಕೊಂಡಿರುವ ಹಿರಿಯರೊಬ್ಬರು ನಿಮಿಷಕ್ಕೆ 100 ಹೆಜ್ಜೆಯ ಸಾಧಾರಣ ವೇಗದಲ್ಲಿ ಕಾಲುಗಂಟೆ ನಡೆದರೆ 1,500 ಹೆಜ್ಜೆ, ಎಂದರೆ ಸರಿಸುಮಾರು ಒಂದು ಕಿಲೋಮೀಟರು ಆಗುತ್ತದೆ. 2,700 ಮತ್ತು 4,400ರ ನಡುವಿನ ಅಂತರವನ್ನು ಹೆಚ್ಚುಕಡಿಮೆ ದಾಟಿಸಲು ಅಷ್ಟು ಸಾಕು.

ನಡಿಗೆಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ್ದು ವ್ಯಾಯಾಮವೆಂದು ಯಾರೂ ಎಣಿಸದ ಓಡಾಟ ಎಂಬುದೂ ಗಮನಾರ್ಹ. ಜೆರ‍್ರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯ ಮತ್ತು ಅವರ ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಅಭ್ಯಸಿಸಿ, ಕುಳಿತೇ ದುಡಿಯುವ ಡ್ರೈವರುಗಳಿಗಿಂತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯೆಂದು 1953ರಲ್ಲಿ ತೋರಿಸಿದರು. ಕೆಲಸಕ್ಕೆ ಸೇರುವಾಗಲೇ ಡ್ರೈವರುಗಳು ದಪ್ಪಗಿದ್ದಿರಬಹುದಲ್ಲವೇ ಎಂಬ ಆಕ್ಷೇಪ ಎದ್ದಾಗ ಅವರು ಸಮವಸ್ತ್ರದ ದಾಖಲೆಗಳನ್ನು ತೆಗೆಸಿ ಪ್ಯಾಂಟಿನ ಸೊಂಟದಳತೆಗಳನ್ನು ಹೋಲಿಸಿದರು. ಡ್ರೈವರುಗಳ ಪ್ಯಾಂಟುಗಳೇ ಅಗಲವಾಗಿದ್ದವು, ಆದರೆ ಅದೇ ಅಳತೆಯ ಪ್ಯಾಂಟು ತೊಡುವ ಕಂಡಕ್ಟರುಗಳಿಗೂ ಡ್ರೈವರುಗಳಿಗಿಂತ ಅಪಾಯ ಕಡಿಮೆಯೇ ಇತ್ತು. ಸಂಶೋಧನೆಯ ಇತಿಹಾಸದಲ್ಲಿ ದರ್ಜಿಯ ಟೇಪು ಇಷ್ಟು ಗಂಭೀರ ಸಾಕ್ಷ್ಯ ನುಡಿದ ಸಂದರ್ಭ ವಿರಳ. ಕನ್ನಡದ ಮಟ್ಟಿಗೆ ಇಂತಹ ಎಣಿಸದ ನಡಿಗೆಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ನೆನೆಯಬಹುದು. ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಇಳಿವಯಸ್ಸಿನಲ್ಲೂ ನಡೆದೇ ಹೋಗಿ ಇಸ್ಪೀಟಾಡಿ ಬರುತ್ತಿದ್ದ ಅವರು 95 ವರ್ಷ ಬಾಳಿದರು. ಅದೊಂದರಿಂದಲೇ ಆಯಸ್ಸು ಕೂಡಿಬಂತೆಂದು ಯಾರೂ ಹೇಳಲಾರರು, ಆದರೆ ಹೋಗಲು ಒಂದು ತಾಣವೂ ಕಾಯಲು ನಾಲ್ವರು ಗೆಳೆಯರೂ ಇರುವ ನಡಿಗೆ ತಪ್ಪುವುದು ಕಡಿಮೆ.

ಇನ್ನು ತಟ್ಟೆಯ ವಿಚಾರ. ಈ ಕ್ಷೇತ್ರದಲ್ಲಿ ಏನು ತಿನ್ನಬೇಕೆಂಬುದರ ಮೇಲೆ ಸುರಿದ ಶಾಯಿಗೆ ಲೆಕ್ಕವಿಲ್ಲ, ಯಾವ ಕ್ರಮದಲ್ಲಿ ತಿನ್ನಬೇಕೆಂಬುದು ಮಾತ್ರ ತಡವಾಗಿ ಚರ್ಚೆಗೆ ಬಂತು. ನ್ಯೂಯಾರ್ಕಿನ ವೈದ್ಯರು 2015ರಲ್ಲಿ ಪ್ರಕಟಿಸಿದ, ಕೇವಲ 11 ಮಧುಮೇಹಿಗಳನ್ನೊಳಗೊಂಡ ಚಿಕ್ಕ ಪ್ರಯೋಗವೊಂದರಲ್ಲಿ, ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದಾಗ, ಅದೇ ಊಟವನ್ನು ತಿರುಗುಮುರುಗಾಗಿ ತಿಂದುದಕ್ಕಿಂತ ಒಂದು ಗಂಟೆಯ ನಂತರದ ಸಕ್ಕರೆ ಮೂರನೆಯ ಒಂದು ಭಾಗಕ್ಕೂ ಮಿಗಿಲಾಗಿ ಕಡಿಮೆಯಿತ್ತು. ನಾರು ಮತ್ತು ಪ್ರೋಟೀನು ಮೊದಲೇ ಹೊಟ್ಟೆ ಸೇರಿದರೆ ಜಠರ ನಿಧಾನವಾಗಿ ಬರಿದಾಗುತ್ತದೆ, ಹಿಂದೆ ಬರುವ ಪಿಷ್ಟವೂ ನಿಧಾನವಾಗಿಯೇ ರಕ್ತಕ್ಕೆ ಇಳಿಯುತ್ತದೆ. ಮದುವೆಮನೆಯ ಬಾಳೆಎಲೆಯನ್ನು ಗಮನಿಸಿದವರಿಗೆ ಈ ಕ್ರಮ ಅಪರಿಚಿತವಲ್ಲ: ಉಪ್ಪು, ಕೋಸಂಬರಿ, ಒಂದೆರಡು ಪಲ್ಯ ಎಲೆಯ ಮೇಲೆ ಬಂದು ಕುಳಿತ ಎಷ್ಟೋ ಹೊತ್ತಿಗೆ ಅನ್ನ ಬರುತ್ತದೆ. ಎಲೆಯ ತುದಿಗೆ ಒಂದಿಷ್ಟು ಪಾಯಸವೂ ಮೊದಲೇ ಬಿದ್ದಿರುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಹಿರಿಯರು ಆರೋಗ್ಯಶಾಸ್ತ್ರವನ್ನು ಮುಂದಿಟ್ಟುಕೊಂಡೇ ಎಲೆ ಹಾಕಿದರೆಂಬ ವಾದ ಹೂಡುವವರಿಗೆ ಆ ಪಾಯಸವೇ ಉತ್ತರ.

ಕೋಸಂಬರಿಯನ್ನು ಹಬ್ಬದ ಎಲೆಯಿಂದ ದಿನದ ತಟ್ಟೆಗೆ ತರುವುದು ಸುಲಭವಾದುದರಿಂದ ಅದರ ಬಗ್ಗೆ ಎರಡು ಮಾತು ಹೆಚ್ಚಾದರೂ ಸಲ್ಲುತ್ತದೆ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಹಾಕಿ, ಉಗುರಿಗೆ ಮುರಿಯುವಷ್ಟು ಮೆತ್ತಗಾದ ಮೇಲೆ ನೀರನ್ನು ಪೂರ್ತಿ ಬಸಿದು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಒಂದು ಹಿಡಿ ತೆಂಗಿನತುರಿ ಬೆರೆಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಕೆಲಸ ಮುಗಿಯಿತು. ಉಪ್ಪು ಮತ್ತು ನಿಂಬೆರಸವನ್ನು ಬಡಿಸುವ ಹೊತ್ತಿಗೆ ಮಾತ್ರ ಹಾಕಬೇಕು, ಮೊದಲೇ ಹಾಕಿದರೆ ಸೌತೆ ನೀರುಬಿಟ್ಟು ಎಲ್ಲವೂ ಪಚಪಚ ಎನ್ನುತ್ತದೆ. ಒಂದು ಬಟ್ಟಲಿನಷ್ಟು ಕೋಸಂಬರಿ ತಿಂದು ಐದು ನಿಮಿಷ ಬಿಟ್ಟು ಅನ್ನಕ್ಕೆ ಕೈ ಹಾಕಿದವರು ಎರಡನೆಯ ಸಲದ ಅನ್ನವನ್ನು ತಾವಾಗಿಯೇ ಬೇಡವೆನ್ನುವುದುಂಟು. ಉತ್ತರ ಕರ್ನಾಟಕದ ಊಟದಲ್ಲಿ ಇದೇ ಪಾತ್ರವನ್ನು ರೊಟ್ಟಿಯ ಜೊತೆಗಿಡುವ ಹಸಿ ಮೆಂತ್ಯೆ, ಮೂಲಂಗಿ, ಸೌತೆಗಳೂ ಮೊಳಕೆ ಬಂದ ಕಾಳಿನ ಪಲ್ಯವೂ ವಹಿಸುತ್ತವೆ. ತರಕಾರಿಯ ವಿಷಯದಲ್ಲಿ ಆ ತಟ್ಟೆ ಹಳೆ ಮೈಸೂರಿನ ತಟ್ಟೆಗಿಂತ ಉದಾರವಾದುದೆಂದು ಒಪ್ಪಲೇಬೇಕು.

ಹಳೆ ಮೈಸೂರಿನ ಕಡೆಯ ದೊಡ್ಡಸ್ತಿಕೆ ಬಸ್ಸಾರಿನಲ್ಲಿದೆ. ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ, ಬೆಂದ ನೀರನ್ನು ಬಸಿದು, ಆ ಕಟ್ಟಿನಿಂದ ಸಾರು ಮಾಡಿ, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುವ ಈ ಅಡುಗೆಯಲ್ಲಿ ನೀರಿಗಿಳಿದ ಸತ್ವವೂ ಪೋಲಾಗದು, ಪಲ್ಯವೂ ಚಿಟಿಕೆಯಷ್ಟಿರದೆ ಹಿಡಿತುಂಬ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗದರ್ಶಿಯು 2,000 ಕಿಲೋಕ್ಯಾಲೊರಿಯ ದಿನದ ಆಹಾರಕ್ಕೆ 250 ಗ್ರಾಂ ಧಾನ್ಯವನ್ನೂ 400 ಗ್ರಾಂ ತರಕಾರಿಯನ್ನೂ 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ ಮಾಂಸವನ್ನೂ ಸೂಚಿಸುತ್ತದೆ. ಧಾನ್ಯಕ್ಕಿಂತ ತರಕಾರಿಯ ತೂಕ ಹೆಚ್ಚಿರಬೇಕೆಂಬ ಈ ಲೆಕ್ಕ ಬಹುಪಾಲು ಮನೆಗಳ ತಟ್ಟೆಯನ್ನು ತಲೆಕೆಳಗು ಮಾಡುವಂಥದು, ಆದರೆ ಬಸ್ಸಾರಿನ ದಿನ ಅದು ಸದ್ದಿಲ್ಲದೆ ಅರ್ಧ ದಾರಿ ಸಾಗಿರುತ್ತದೆ.

ರಾಗಿಯ ಗುಣಗಾನ ಈಚೆಗೆ ವಿಪರೀತವಾಗಿದೆಯಾದರೂ ಅದರಲ್ಲಿ ಹುರುಳಿಲ್ಲದೆ ಇಲ್ಲ. ಅದೇ ಸಂಸ್ಥೆಯ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶವೂ 11 ಗ್ರಾಂ ನಾರೂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಣ್ಣ 8 ಮಿಲಿಗ್ರಾಂ, ನಾರು 3 ಗ್ರಾಂ ದಾಟುವುದಿಲ್ಲ. ಆದರೆ ರಾಗಿಯೂ ಪಿಷ್ಟವೇ. ನುಣ್ಣಗೆ ಬೀಸಿ ಜರಡಿ ಹಿಡಿದ ಹಿಟ್ಟಿನ ತೆಳು ಗಂಜಿ, ಅದರಲ್ಲೂ ಬೆಲ್ಲ ಸೇರಿಸಿದ ಮಾಲ್ಟ್, ರಕ್ತದ ಸಕ್ಕರೆಯನ್ನು ಬಿರುಸಾಗಿಯೇ ಏರಿಸಬಲ್ಲದು. ತೌಡು ತೆಗೆಯದ ಹಿಟ್ಟಿನಿಂದ, ಎಸರಿನಲ್ಲಿ ಗುಡ್ಡೆಯಾಗಿ ಬೆಂದು ಕೋಲಿನಡಿ ಗಟ್ಟಿಯಾದ ಮುದ್ದೆ ಅದಕ್ಕಿಂತ ಲೇಸು, ಅದೂ ಒಂದೇ ಮುದ್ದೆಯಾದರೆ. ಎರಡು ಮುದ್ದೆ ನುಂಗಿ ಹೊಲ ಉಳುತ್ತಿದ್ದವರ ಅಳತೆಯನ್ನು ಲಿಫ್ಟಿನಲ್ಲಿ ಮನೆ ಸೇರುವವರು ಹಾಗೆಯೇ ಉಳಿಸಿಕೊಳ್ಳುವುದು ಪರಂಪರೆಯಲ್ಲ, ಲೆಕ್ಕತಪ್ಪು.

ಊಟದ ನಂತರದ ನಡಿಗೆ ಬೆಳಗಿನದರಂತೆ ಬೆವರು ಸುರಿಸುವಂಥದಾಗಬಾರದು. ತಟ್ಟೆ ಎತ್ತಿಟ್ಟ ಹದಿನೈದಿಪ್ಪತ್ತು ನಿಮಿಷಕ್ಕೆ ಹೊರಟು, ಪಕ್ಕದವರೊಡನೆ ಏದುಸಿರಿಲ್ಲದೆ ಮಾತಾಡಬಲ್ಲ ವೇಗದಲ್ಲಿ ಸಾಗಿದರೆ ಸಾಕು. ಇನ್ಸುಲಿನ್ ಚುಚ್ಚಿಕೊಳ್ಳುವವರೂ ಸಕ್ಕರೆಯನ್ನು ತೀರ ಇಳಿಸಬಲ್ಲ ಕೆಲವು ಮಾತ್ರೆ ನುಂಗುವವರೂ ವೈದ್ಯರನ್ನು ಕೇಳಿ ಆರಂಭಿಸುವುದೂ, ಪಾದದ ಸ್ಪರ್ಶಜ್ಞಾನ ಕುಂದಿದವರು ಹವಾಯಿ ಚಪ್ಪಲಿ ಬಿಟ್ಟು ಬೆರಳು ಮುಚ್ಚುವ ಪಾದರಕ್ಷೆ ಹಾಕುವುದೂ ಅಗತ್ಯ. ಹೆಚ್ಚಿನ ಅಡ್ಡಿಗಳು ದೇಹದಲ್ಲಿಲ್ಲ, ಬೀದಿಯಲ್ಲಿವೆ. ಫುಟ್‌ಪಾತಿನ ಮೇಲೆ ನಿಂತ ಟ್ರಾನ್ಸ್‌ಫಾರ್ಮರು ಮತ್ತು ಸ್ಕೂಟರುಗಳು, ಕಿತ್ತುಹೋದ ಚಪ್ಪಡಿ, ಉರಿಯದ ದೀಪ, ಗುಂಪುಗೂಡಿದ ನಾಯಿಗಳು ಇವೆಲ್ಲದರ ನಡುವೆ ರಾತ್ರಿ 9ರ ನಂತರ ಒಬ್ಬಂಟಿಯಾಗಿ ನಡೆಯಿರೆಂದು ಹೆಂಗಸರಿಗೂ ಹಿರಿಯರಿಗೂ ಉಪದೇಶಿಸುವುದು ಸುಲಭ. ನಗರಪಾಲಿಕೆಗಳು ಉದ್ಯಾನದ ಗೇಟಿಗೆ ಹಾಕುವ ಬಣ್ಣದ ಅರ್ಧದಷ್ಟನ್ನು ಮನೆ ಮುಂದಿನ ನೂರು ಗಜ ಫುಟ್‌ಪಾತಿಗೆ ಖರ್ಚು ಮಾಡಿದ್ದರೆ ಉಪದೇಶದ ಅಗತ್ಯ ಅಷ್ಟು ತಗ್ಗುತ್ತಿತ್ತು. ಊಟವನ್ನೇ 7.30ಕ್ಕೆ ತಂದುಕೊಂಡರೆ ಅಂಗಡಿಗಳ ಬೆಳಕೂ ಜನರ ಸುಳಿದಾಟವೂ ಇರುವಾಗಲೇ ನಡಿಗೆ ಮುಗಿಯುತ್ತದೆ, ನಾಳೆಯ ಹಾಲು ಮೊಸರಿನ ನೆಪವೂ ಜೊತೆಗೂಡುತ್ತದೆ.

ಮಳೆಗಾಲದ ಪ್ರಶ್ನೆ ಬೇರೆ. ಮಲೆನಾಡಿನ ತೊಟ್ಟಿಮನೆಗಳಲ್ಲಿ ಜಗಲಿಯ ಮೇಲೆಯೇ ಹಿಂದೆ ಮುಂದೆ ನಡೆಯಲು ಬರುತ್ತಿತ್ತು. ಅಪಾರ್ಟ್‌ಮೆಂಟಿನ 30 ಅಡಿ ಉದ್ದದ ಕಾರಿಡಾರಿನಲ್ಲಿ ಒಂದು ಕಿಲೋಮೀಟರು ತುಂಬಿಸಲು ಸುಮಾರು 110 ಸಲ ಆ ತುದಿಯಿಂದ ಈ ತುದಿಗೆ ಹೋಗಬೇಕಾಗುವುದರಿಂದ, ಹತ್ತನೆಯ ಸುತ್ತಿಗೇ ಬೇಸರ ಬರುವುದು ಸಹಜ. ಅಂತಹ ರಾತ್ರಿಗಳಿಗೆ ಕಿಲೋಮೀಟರಿನ ಹಟ ಬೇಕಿಲ್ಲ. ಕುಳಿತಿರುವ ಅವಧಿಯ ನಡುನಡುವೆ ಎರಡರಿಂದ ಐದು ನಿಮಿಷ ಹಗುರವಾಗಿ ನಡೆದರೂ ಊಟದ ನಂತರದ ಸಕ್ಕರೆ ಇಳಿಯುತ್ತದೆ, ಬರೇ ಎದ್ದು ನಿಲ್ಲುವುದಕ್ಕಿಂತ ಅದು ಮೇಲು ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2022ರ ವಿಮರ್ಶೆಯೊಂದು ತೋರಿಸಿದೆ. ಧಾರಾವಾಹಿಯ ನಡುವಿನ ಜಾಹೀರಾತುಗಳು ಅಷ್ಟು ಹೊತ್ತನ್ನು ಧಾರಾಳವಾಗಿ ಒದಗಿಸುತ್ತವೆ.