ನಾರಾದ ನಡಿಗೆಯಲ್ಲಿ ದಾಟಿಹೋಗುವ ಹುಲ್ಲುಗಾವಲು

ಜಪಾನಿನ ನಾರಾ ಊರನ್ನು ಒಂದು ದಿನದಲ್ಲಿ ಕಾಲ್ನಡಿಗೆಯಲ್ಲಿ ತೋರಿಸುವವರ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಕೋಫುಕುಜಿ ಬೌದ್ಧ ದೇವಾಲಯ, ಆಮೇಲೆ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಮುಂದೆ ಕಾಡಂಚಿನ ಕಾಸುಗಾ ಶಿಂಟೋ ಗುಡಿ, ಕೊನೆಗೆ ತೋದಾಯಿಜಿಯ ಮಹಾಬುದ್ಧ. ನಾನು ಸೇರಿಕೊಂಡ ಗುಂಪೂ ಹೀಗೇ ನಡೆಯಿತು. ಅದರಲ್ಲಿ ಒಂದು ಕಡೆ ನಿಜವಾದ ಕಲಾಪಾಠ ಸಿಕ್ಕಿತು. ಆದರೆ ಇಡೀ ದಾರಿಗೆ ಅರ್ಥ ಕೊಡುವ ಜಾಗವನ್ನೇ ಏನೂ ಹೇಳದೆ ದಾಟಿಸಿಬಿಟ್ಟರು.

ಪಾಠ ಸಿಕ್ಕಿದ್ದು ಕೋಫುಕುಜಿಯ ನಿಧಿಮಂದಿರದಲ್ಲಿ, ಅಶುರನ (ನಮ್ಮ ಅಸುರನ ಜಪಾನೀ ರೂಪ) ವಿಗ್ರಹದ ಮುಂದೆ. ನಮ್ಮ ಮಾರ್ಗದರ್ಶಿ ಮೊದಲು ಏನನ್ನೂ ವಿವರಿಸಲಿಲ್ಲ, ಸುಮ್ಮನೆ ನೋಡಲು ಬಿಟ್ಟರು. ಮಧ್ಯೆ ಗಾಜಿಲ್ಲ, ಫೋಟೊ ತೆಗೆಯುವಂತಿಲ್ಲ. ಕಣ್ಣಿಗೆ ಬೇರೆ ಕೆಲಸವೇ ಇರಲಿಲ್ಲ. ಅಸುರನೆಂದರೆ ಚಾಮುಂಡಿ ಬೆಟ್ಟದ ಮೇಲೆ ಕತ್ತಿ ಹಿಡಿದು, ಮೀಸೆ ತಿರುವಿ ನಿಂತ ಮಹಿಷಾಸುರ ಎಂದುಕೊಂಡೇ ಬೆಳೆದ ನನಗೆ ಎದುರಿಗಿದ್ದವನು ಯಾರೆಂದೇ ತಿಳಿಯಲಿಲ್ಲ. ಮೂರು ಮುಖ, ಕಡ್ಡಿಯಂತೆ ತೆಳುವಾದ ಆರು ತೋಳು, ಇನ್ನೂ ಹುಡುಗುತನ ಮಾಸದ ಮೈ. ಪಕ್ಕದ ಒಂದು ಮುಖ ಕೆಳತುಟಿ ಕಚ್ಚಿಕೊಂಡಿದೆ. ಎದುರಿನ ಮುಖದಲ್ಲಿ ಹುಬ್ಬು ಗಂಟಿಕ್ಕಿದ್ದರೂ ಅದು ಸಿಟ್ಟಲ್ಲ. ಮಾಡಿದ್ದನ್ನು ನೆನೆದು ಒಳಗೇ ನೋಯುತ್ತಿರುವವನ ಮುಖ. ಕೊಮ್ಯೊ ರಾಣಿ ತೀರಿಕೊಂಡ ತಾಯಿಯ ನೆನಪಿಗೆಂದು ಕಟ್ಟಿಸಿದ ಮಂದಿರಕ್ಕಾಗಿ 734ರಲ್ಲಿ ಮಾಡಿದ ವಿಗ್ರಹ ಇದು ಎಂದು ಆಮೇಲೆ ತಿಳಿದಾಗ ಆ ನೋವಿಗೆ ಇನ್ನೊಂದು ಮೂಲ ಸಿಕ್ಕಂತಾಯಿತು.

ಇದನ್ನು ಮಾಡಿದ ಬಗೆಯನ್ನು ಮಾರ್ಗದರ್ಶಿ ವಿವರಿಸಿದ ರೀತಿಯೂ ಚೆನ್ನಾಗಿತ್ತು. ಮೊದಲು ಜೇಡಿಮಣ್ಣಿನಲ್ಲಿ ಆಕಾರ ಮಾಡಿ, ಅದರ ಮೇಲೆ ಅರಗುಮರದ ರಸದಲ್ಲಿ ಅದ್ದಿದ ನಾರುಬಟ್ಟೆಯನ್ನು ಪದರ ಪದರವಾಗಿ ಸುತ್ತುತ್ತಾರೆ. ಒಣಗಿದ ಮೇಲೆ ಸೀಳಿ ಒಳಗಿನ ಮಣ್ಣನ್ನು ತೆಗೆದು, ಮರದ ಚೌಕಟ್ಟು ಕೂರಿಸುತ್ತಾರೆ. ಕಣ್ಣು, ಮೂಗು, ತುಟಿಗಳನ್ನು ಅದೇ ರಸಕ್ಕೆ ಮರದ ಪುಡಿ ಕಲಸಿದ ಕಣಕದಿಂದ ತಿದ್ದುತ್ತಾರೆ. ಹೀಗಾಗಿ ಒಂದೂವರೆ ಮೀಟರು ಎತ್ತರದ ಈ ವಿಗ್ರಹದ ತೂಕ ಸುಮಾರು 15 ಕಿಲೊ ಅಷ್ಟೆ. 1180ರ ಯುದ್ಧದ ಬೆಂಕಿ ಸೇರಿ ಎಷ್ಟೋ ಬೆಂಕಿಗಳಿಂದ ಎತ್ತಿಕೊಂಡು ಓಡಲು ಸಾಧ್ಯವಾದದ್ದು ಆ ಹಗುರದಿಂದಲೇ. ಕೈಕೆಲಸ, ಭಕ್ತಿ, ಇತಿಹಾಸ ಮೂರನ್ನೂ ಒಂದೇ ವಿಗ್ರಹದಲ್ಲಿ ಕಾಣಿಸಿದ ಆ ಹೊತ್ತಿಗಾಗಿಯೇ ಈ ನಡಿಗೆಯನ್ನು ಯಾರಿಗಾದರೂ ಹೇಳಿಯೇನು.

ತಕರಾರು ಇರುವುದು ಆಮೇಲಿನದರ ಬಗ್ಗೆ. ಹೊರಗೆ ಬಂದರೆ ಹುಲ್ಲುಗಾವಲು, ಜಿಂಕೆಗಳು, ಜಿಂಕೆ ಬಿಸ್ಕತ್ತು ಮಾರುವವರು. ಗುಂಪಿಗೆ ಬಿಡುವು ಕೊಡುವುದು ಇಲ್ಲೇ. ಆದರೆ ಆ ಹುಲ್ಲು ಬೆಳೆದಿರುವುದು ಕೋಫುಕುಜಿಯ ಅಂಗಳದ ಮೇಲೆ. 1868ರಲ್ಲಿ ಮೇಜಿ ಸರ್ಕಾರ ಶಿಂಟೋ ದೇವತೆಗಳನ್ನೂ ಬುದ್ಧನನ್ನೂ ಬೇರ್ಪಡಿಸಬೇಕೆಂದು ಅಪ್ಪಣೆ ಹೊರಡಿಸಿತು. ಅಲ್ಲಿಯವರೆಗೆ ಕೋಫುಕುಜಿ, ಕಾಸುಗಾ ಎರಡೂ ಫುಜಿವಾರಾ ಮನೆತನದ ಒಂದೇ ಕ್ಷೇತ್ರದಂತೆ ನಡೆದುಬಂದಿದ್ದವು. ಮಧ್ಯಯುಗದಲ್ಲಿ ಸರ್ಕಾರದ ಮೇಲೆ ಮುನಿದಾಗ ಕಾಸುಗಾದ ಪವಿತ್ರ ಸಕಾಕಿ ಮರವನ್ನು ಹೊತ್ತು ಕ್ಯೋಟೊಗೆ ಹೋಗಿ ಹೆದರಿಸುತ್ತಿದ್ದವರು ಕೋಫುಕುಜಿಯ ಬೌದ್ಧ ಸನ್ಯಾಸಿಗಳೇ. 1868ರ ಅಪ್ಪಣೆ ಬಂದದ್ದೇ ಕೋಫುಕುಜಿಯ ಸನ್ಯಾಸಿಗಳನ್ನೆಲ್ಲ ಕಾಸುಗಾದ ಪೂಜಾರಿಗಳನ್ನಾಗಿ ಮಾಡಲಾಯಿತು. ದೇವಾಲಯದ ಗೋಡೆ ಕೆಡವಿದರು, ಜಾಗ ಉದ್ಯಾನವಾಯಿತು, ಕಲಾಕೃತಿಗಳು ಚದುರಿದವು. 1895ರಲ್ಲಿ ಬಾಗಿಲು ತೆರೆದ ವಸ್ತುಸಂಗ್ರಹಾಲಯಕ್ಕೆ ಸುತ್ತಲಿನ ದೇವಾಲಯಗಳ ಎಷ್ಟೋ ವಿಗ್ರಹಗಳು ಬಂದು ಸೇರಿದ್ದು ಈ ಏರುಪೇರಿನ ಬೆನ್ನಿಗೇ.

ಅಂದರೆ ದೇವಾಲಯ, ಗುಡಿ, ಸಂಗ್ರಹಾಲಯ ಎಂಬ ನಮ್ಮ ಮೂರು ನಿಲುಗಡೆಗಳು ಹಿಂದಿನಿಂದಲೂ ಹೀಗೆ ಬೇರೆ ಬೇರೆಯಾಗಿ ಇದ್ದವಲ್ಲ. ಒಂದು ಸರ್ಕಾರಿ ಆದೇಶ ಇವನ್ನು ಹೀಗೆ ಹರಿದಿಟ್ಟಿದೆ. ಅದನ್ನು ಮುಚ್ಚಿಟ್ಟು, ‘ಇದು ಬೌದ್ಧ, ಅದು ಶಿಂಟೋ, ಇದು ಕಲೆ’ ಎಂದು ವಿಂಗಡಿಸಿ ತೋರಿಸಿದರೆ ನಡೆದು ನೋಡುವ ಲಾಭವೇ ಹೋಯಿತು. ಸಂಗ್ರಹಾಲಯಕ್ಕೆ ಸೇರಿದ ಒಂದು ಕಾಸುಗಾ ಜಿಂಕೆಯ ಮಂಡಲ ಚಿತ್ರವಿದೆ: ಮೋಡದ ಮೇಲೆ ನಿಂತ ಜಿಂಕೆ, ಅದರ ಜೀನಿನ ಮೇಲೆ ಸಕಾಕಿ ಕೊಂಬೆ, ಕೊಂಬೆಯಲ್ಲಿ ದೊಡ್ಡ ಕನ್ನಡಿ. ಗೋಡೆಯ ಮೇಲೆ ಅದು ಕಲಾಕೃತಿ; ಬರೆದ ಕಾಲದಲ್ಲಿ ಅದು ಪೂಜೆಗೊಳ್ಳುತ್ತಿದ್ದ ದೈವ. ಚಿತ್ರ ಸದಾ ಪ್ರದರ್ಶನದಲ್ಲಿ ಇರುವುದಿಲ್ಲ. ಅದರ ಒಂದು ಪ್ರತಿಯನ್ನು ಹುಲ್ಲಿನ ಮೇಲೆ, ಜಿಂಕೆಗಳ ನಡುವೆಯೇ ನಿಂತು ತೋರಿಸಬಹುದಿತ್ತು. ಈ ನಂಟು ಸತ್ತೂ ಹೋಗಿಲ್ಲ. ಪ್ರತಿ ಜನವರಿ 2ರಂದು ಕೋಫುಕುಜಿಯ ಸನ್ಯಾಸಿಗಳು ಕಾಸುಗಾಕ್ಕೆ ಬಂದು ದೇವತೆಗಳ ಮುಂದೆ ಸೂತ್ರ ಪಠಿಸುತ್ತಾರೆ. ಕಾಸುಗಾದಲ್ಲಿ ನಿಂತು ಮೂರು ಸಾವಿರದಷ್ಟು ದೀಪಸ್ತಂಭ, ತೂಗುದೀಪಗಳ ಲೆಕ್ಕ ಹೇಳುವ ಬದಲು ಇದೊಂದು ಮಾತು ಹೇಳಿದ್ದರೆ ಸಾಕಿತ್ತು.

ತೋದಾಯಿಜಿಯಲ್ಲಿ ಭಾರತದವರಿಗೆಂದು ಬೋಧಿಸೇನನ ಕಥೆ ಹೇಳುವುದು ವಾಡಿಕೆ. 736ರಲ್ಲಿ ಜಪಾನಿಗೆ ಬಂದ ಈ ಭಾರತೀಯ ಭಿಕ್ಷು 752ರಲ್ಲಿ ಮಹಾಬುದ್ಧನ ಕಣ್ಣು ತೆರೆಸಿದ. ಅವನ ಕುಂಚಕ್ಕೆ ಕಟ್ಟಿದ ಹಗ್ಗವನ್ನು ನೆರೆದವರೂ ಹಿಡಿದಿದ್ದರು. ಒಳ್ಳೆಯ ಕಥೆ, ನಿಜವೂ ಹೌದು. ಆದರೆ ನಾವಿಂದು ನೋಡುವ ಬುದ್ಧನ ತಲೆ ಬಹಳ ಈಚಿನ ಎದೋ ಕಾಲದ್ದು, ಮಂದಿರ 1709ರದ್ದು. ಬೋಧಿಸೇನನ ಕಾಲದ ಶಿಲ್ಪವನ್ನೇ ನೋಡಬೇಕಾದರೆ ಪಕ್ಕದ ಗುಡ್ಡ ಹತ್ತಿ ಹೊಕ್ಕೆದೋ ಮಂದಿರಕ್ಕೆ ಹೋಗಬೇಕು. ಬಹಳಷ್ಟು ಗುಂಪುಗಳು ಕೈಬಿಡುವುದು ಅದನ್ನೇ. ಅಲ್ಲಿ ಎಂಟನೆಯ ಶತಮಾನದ ಬ್ರಹ್ಮನೂ ಇಂದ್ರನೂ ಆಳೆತ್ತರಕ್ಕೆ ಎರಡು ಪಾಲು ಬೆಳೆದು ವೇದಿಕೆಯ ಮೇಲೆ ನಿಂತಿದ್ದಾರೆ. ಅವರ ನಡುವೆ ಅಮೋಘಪಾಶ ಅವಲೋಕಿತೇಶ್ವರ, ಜಿಂಕೆಯ ಚರ್ಮ ಹೊದ್ದವನೆಂದು ಗ್ರಂಥಗಳು ವರ್ಣಿಸುವ ಬೋಧಿಸತ್ವ. ಕಾಸುಗಾದ ಮೊದಲ ದೇವತೆಯ ಮೂಲರೂಪ ಇವನೇ ಎಂದು ಕೋಫುಕುಜಿಯವರು ನಂಬಿದ್ದರು. ಬೆಳಗಿನಿಂದ ಬಿಡಿಬಿಡಿಯಾಗಿ ನೋಡಿದ್ದೆಲ್ಲ ಒಟ್ಟುಗೂಡುವುದು ಇಲ್ಲಿ. ಈ ಮಂದಿರಕ್ಕೆ ಒಂದು ಗಂಟೆ ಕೊಡಲಾಗದಿದ್ದರೆ, ಮಹಾಬುದ್ಧನ ಮುಂದಿನ ನೂಕುನುಗ್ಗಲಿನಲ್ಲಿ ಕಳೆಯುವ ಹೊತ್ತನ್ನಾದರೂ ಕಡಿಮೆ ಮಾಡಿ ಗುಂಪನ್ನು ಇಲ್ಲಿಗೆ ಹತ್ತಿಸಬೇಕು.